ಕಂಪ್ಯೂಟರ್ ಪದೇ ಪದೇ ರೀಸ್ಟಾರ್ಟ್ ಆಗ್ತಿದ್ಯಾ? ಫಾರ್ಮ್ಯಾಟ್‌ಗೆ ಕೊಡೋ ಮುಂಚೆ ಇಷ್ಟು ನೋಡಿ

ಕೆಲಸ ಮಾಡ್ತಾ ಮಾಡ್ತಾ ಕಂಪ್ಯೂಟರ್ ಗಕ್ಕಂತ ನಿಂತ್ಬಿಡತ್ತೆ, ಇಲ್ಲಾ ಹೇಳ್ದೇ ಕೇಳ್ದೇ ರೀಸ್ಟಾರ್ಟ್ ಆಗತ್ತೆ, ಒಂದೊಂದ್ಸಲ ನೀಲಿ ಸ್ಕ್ರೀನ್. ನಮ್ಮನೇಲಿ ಹೀಗಾದಾಗ ಅಂಗಡಿಗೆ ಹೊತ್ಕೊಂಡು ಹೋದ್ರೆ ಕ್ಯಾಬಿನೆಟ್ ಬಿಚ್ಚೂ ನೋಡ್ಲಿಲ್ಲ, ‘ವೈರಸ್ ಸಾರ್, ಫಾರ್ಮ್ಯಾಟ್ ಹೊಡೀಬೇಕು’ ಅಂದ್ರು. ಎರಡು ಸಲ ಹೊಡ್ಸಿದೆ. ಮೂರನೇ ದಿನಕ್ಕೆ ಮತ್ತೆ ಅದೇ ರಾಗ ಅದೇ ಹಾಡು.

ಮೊದಲು ಮುಖ್ಯವಾದ ಫೈಲೆಲ್ಲ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ. ಆಮೇಲೆ ಒಂದು ಚೀಟೀಲಿ ಯಾವಾಗ ಕೈಕೊಡತ್ತೆ ಅಂತ ಬರೀತಾ ಹೋಗಿ. ಗೇಮ್ ಆಡುವಾಗ ಮಾತ್ರ ಆಫ್ ಆದ್ರೆ ಬಿಸಿ ಇಲ್ಲಾ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡೋ ಡಬ್ಬಾ) ಮೇಲೆ ಅನುಮಾನ, ಹೊತ್ತುಗೊತ್ತಿಲ್ದೆ ನಿಂತು ಪ್ರತಿಸಲ ಬೇರೆ ಬೇರೆ ಹೆಸರಿನ ನೀಲಿ ಸ್ಕ್ರೀನ್ ಬಂದ್ರೆ ರ‍್ಯಾಮ್ ಮೇಲೆ, ಮೌಸ್ ಓಡಾಡ್ತಿದ್ರೂ ಫೈಲ್ ಓಪನ್ ಆಗ್ದಿದ್ರೆ ಡಿಸ್ಕ್ ಮೇಲೆ. ವಿಂಡೋಸ್ ತನ್ನ ತೊಂದರೆಗಳನ್ನ ಬರೆದಿಡೋ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ (Kernel-Power) 41 ಅಂತ ಕೆಂಪಗೆ ಕಾಣಿಸತ್ತೆ, ಅದನ್ನ ನೋಡಿ ಹೊಸ ಎಸ್‌ಎಂಪಿಎಸ್ ತರೋಕೆ ಓಡ್ಬೇಡಿ, ಸರಿಯಾಗಿ ಶಟ್‌ಡೌನ್ ಆಗ್ಲಿಲ್ಲ ಅನ್ನೋದಷ್ಟೇ ಅದರ ಅರ್ಥ, ಯಾಕೆ ಅಂತ ಅದಕ್ಕೂ ಗೊತ್ತಿಲ್ಲ. ವೀಯಾ-ಲಾಗರ್ (WHEA-Logger) ಅಂತಿದ್ರೆ ಮಾತ್ರ ಹಾರ್ಡ್‌ವೇರೇ ದೂರು ಕೊಟ್ಟಿದೆ ಅಂತ ಲೆಕ್ಕ.

ಇನ್ನು ಬಯೋಸ್‌ಗೆ (ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ ಸ್ಕ್ರೀನ್) ಹೋಗಿ ಓವರ್‌ಕ್ಲಾಕು (ಚಿಪ್ಪನ್ನ ನಿಗದಿಗಿಂತ ಜೋರಾಗಿ ಓಡಿಸೋದು), ಎಕ್ಸ್‌ಎಂಪಿ (ಮೆಮೊರಿಯನ್ನ ಹಾಗೇ ಜೋರಾಗಿ ಓಡಿಸೋ ಸೆಟ್ಟಿಂಗ್) ಎರಡೂ ಆಫ್ ಮಾಡಿ ಎರಡು ದಿನ ಓಡ್ಸಿ. ಎಷ್ಟೋ ಕೇಸು ಇಲ್ಲೇ ಮುಗಿಯತ್ತೆ. ಇಂಟೆಲ್ 13, 14ನೇ ಜನರೇಷನ್ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ರೆ ಬಯೋಸ್ ಅಪ್‌ಡೇಟ್ ತಪ್ಪಿಸ್ಬೇಡಿ. ಅದರಲ್ಲಿ ಕೆಲವಕ್ಕೆ ಹೆಚ್ಚು ವೋಲ್ಟೇಜ್ ಹೋಗಿ ಚಿಪ್ಪೇ ಹಾಳಾಗ್ತಿತ್ತು, 2024ರ ಆಗಸ್ಟ್‌ನಲ್ಲಿ ಕಂಪನಿ ಅದನ್ನ ತಡೆಯೋ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಸಣ್ಣ ಪ್ರೋಗ್ರಾಂ) ಬಿಟ್ಟು ವಾರಂಟೀನೂ ಎರಡು ವರ್ಷ ಜಾಸ್ತಿ ಮಾಡ್ತು. ಆದ್ರೆ ಆಗ್ಲೇ ಕೆಟ್ಟಿರೋ ಚಿಪ್ಪನ್ನ ಅಪ್‌ಡೇಟು ಸರಿ ಮಾಡಲ್ಲ.

ರ‍್ಯಾಮ್‌ಗೆ ಬರೋಣ. ಪ್ಲಗ್ ಕಿತ್ತು, ಪವರ್ ಬಟನ್ ಒಂದ್ಸಲ ಒತ್ತಿ, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಆಮೇಲೆ ಸ್ಟಿಕ್ (ಬೋರ್ಡಿಗೆ ಸಿಕ್ಕಿಸಿರೋ ಮೆಮೊರಿ ಪಟ್ಟಿ) ತೆಗೀರಿ. ಚಿನ್ನದ ಬಣ್ಣದ ಪಿನ್‌ಗಳನ್ನ ಮೆತ್ತನೆ ರಬ್ಬರ್‌ನಿಂದ ಹಗುರಕ್ಕೆ ಉಜ್ಜಿ, ರಬ್ಬರ್ ಪುಡಿ ಒಂಚೂರೂ ಸ್ಲಾಟ್‌ಗೆ ಬೀಳಬಾರ್ದು, ವಾಪಸ್ ಹಾಕುವಾಗ ಟಕ್ ಅನ್ನೋವರೆಗೂ ಒತ್ತಿ. ಆಮೇಲೆ ಮೆಮೊರಿ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್86+ ಅನ್ನ ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ ರಾತ್ರಿಯೆಲ್ಲ ಬಿಟ್ಬಿಡಿ. ನಮ್ಮದು ಮೊದಲ ಎರಡು ಪಾಸ್‌ನಲ್ಲಿ (ಪೂರ್ತಿ ಸುತ್ತು) ಎರರ್ ಏನೂ ಇರ್ಲಿಲ್ಲ, ನಾನೂ ಸರಿಯಿದೆ ಅಂತ ಮಲಗ್ಬಿಟ್ಟೆ, ಬೆಳಗ್ಗೆ ಕಾಫಿ ಹಿಡ್ಕೊಂಡು ಬಂದ್ರೆ ಸ್ಕ್ರೀನ್ ತುಂಬ ಕೆಂಪು ಸಾಲು. ಒಂದೇ ಒಂದು ಎರರ್ ಬಂದ್ರೂ ಫೇಲೇ. ಬಂದ್ರೆ ಒಂದೇ ಸ್ಲಾಟ್‌ನಲ್ಲಿ ಒಂದೊಂದೇ ಸ್ಟಿಕ್ ಹಾಕಿ ನೋಡಿ, ಕೆಟ್ಟಿದ್ದು ಸ್ಟಿಕ್ಕಾ ಸ್ಲಾಟಾ ಗೊತ್ತಾಗತ್ತೆ. ಒಂದ್ಸಲಕ್ಕೆ ಒಂದೇ ಬದಲಾಯ್ಸಿ, ಎರಡು ಮಾಡಿದ್ರೆ ಯಾವುದರಿಂದ ಸರಿಹೋಯ್ತು ಅಂತ ದೇವ್ರಿಗೂ ಗೊತ್ತಾಗಲ್ಲ.

ಬಿಸಿ ನೋಡೋಕೆ ಎಚ್‌ಡಬ್ಲ್ಯೂಇನ್ಫೋ (HWiNFO) ಅನ್ನೋ ಸಾಫ್ಟ್‌ವೇರ್ ಸಾಕು. ಸಣ್ಣ ಕೆಲಸಕ್ಕೇ ಸಿಪಿಯು 95 ಡಿಗ್ರಿ ಮುಟ್ಟಿದ್ರೆ ಧೂಳು ಹೊಡೀರಿ, ಫ್ಯಾನ್ ತಿರುಗ್ತಿದ್ಯಾ ನೋಡಿ, ಸಿಪಿಯು ಮೇಲಿನ ಥರ್ಮಲ್ ಪೇಸ್ಟ್ ಒಣಗಿದ್ರೆ ಹೊಸದು ಹಾಕಿ.

ಎಸ್‌ಎಂಪಿಎಸ್ ಕಥೆ ಬೇರೆ. 12 ವೋಲ್ಟ್ ಲೈನ್ 11.4ರಿಂದ 12.6ರೊಳಗೆ ಇರ್ಬೇಕು ಅಂತಾರೆ ನಿಜ, ಆದ್ರೆ ಸುಮ್ನಿದ್ದಾಗ ಸರಿ ತೋರ್ಸಿ ಲೋಡ್ ಬಿದ್ದಾಗ ಕುಸಿಯೋದು ಮಲ್ಟಿಮೀಟರ್‌ಗೆ ಸಿಗದೇನೂ ಇರ್ಬಹುದು, ಅದಕ್ಕೆ ಫ್ರೆಂಡ್ ಹತ್ರ ಒಂದು ಇಸ್ಕೊಂಡು ಹಾಕಿ ನೋಡೋದೇ ವಾಸಿ. ಅದರದ್ದೇ ಕೇಬಲ್ ಹಾಕಿ, ಹಳೇ ಕೇಬಲ್ ಹೊಂದಿದ್ರೂ ಒಳಗಿನ ಪಿನ್ ಬೇರೆ ಇದ್ರೆ ಡಿಸ್ಕು ಬೋರ್ಡು ಸುಟ್ಟೋಗತ್ತೆ. ಎಸ್‌ಎಂಪಿಎಸ್ ಡಬ್ಬಾನ ಮಾತ್ರ ಬಿಚ್ಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರತ್ತೆ. ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅಂತಿದ್ರೆ ಅರ್ಥಿಂಗ್ ಸರಿಯಿಲ್ಲ, ಎಲೆಕ್ಟ್ರಿಶಿಯನ್ ಕರೀರಿ.

ಡಿಸ್ಕ್ ಹೇಗಿದೆ ನೋಡೋಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ, ‘ಕಾಷನ್’ ಅಂತ ಹಳದಿ ತೋರ್ಸಿದ್ರೆ ಹೊಸದಕ್ಕೆ ದುಡ್ಡು ಎತ್ತಿಡಿ.

ಹಾಂ, ಮೆಮ್‌ಟೆಸ್ಟ್ ಎರರ್ ಬಂದಾಗ ಮೊಬೈಲಲ್ಲಿ ಫೋಟೋ ತೆಗ್ದಿಟ್ಕೊಳ್ಳಿ, ವಾರಂಟಿ ಕೇಳುವಾಗ ತೋರ್ಸೋಕಾಗತ್ತೆ. ನಮ್ಮ ಸ್ಟಿಕ್ಕಿಗೂ ವಾರಂಟಿ ಇತ್ತು, ಬಿಲ್ ಹುಡುಕೋಕೇ ಎರಡು ದಿನ ಹಿಡೀತು ಅಷ್ಟೇ.