ಭೋಪಾಲದ ರಿಮೆಂಬರ್ ಭೋಪಾಲ್ ಮ್ಯೂಸಿಯಂಗೆ ಹೋಗುವವರಿಗೆ

ಒಳಗೆ ಹೋದಮೇಲೆ ಗೋಡೆಯ ಬರಹ ಓದುವ ಮೊದಲು ಪಕ್ಕದಲ್ಲಿರುವ ಟೆಲಿಫೋನ್ ರಿಸೀವರ್ ಎತ್ತಿ ಕಿವಿಗಿಡಿ. 1984ರ ಡಿಸೆಂಬರ್ 2-3ರ ರಾತ್ರಿಯ ಅನಿಲ ದುರಂತದಿಂದ ಪಾರಾದವರು, ಆಮೇಲೆ ವರ್ಷಗಟ್ಟಲೆ ಹೋರಾಡಿದವರು ಅದರಲ್ಲಿ ತಮ್ಮದೇ ದನಿಯಲ್ಲಿ ಮಾತಾಡುತ್ತಾರೆ. ಅಲ್ಲಿಟ್ಟಿರುವುದು ಬಟ್ಟೆ, ಫೋಟೋದಂಥ ಮನೆಬಳಕೆಯ ಸಾಮಾನು. ದನಿ ಕೇಳದೆ ನೋಡಿದರೆ ಹದಿನೈದೇ ನಿಮಿಷಕ್ಕೆ ಹೊರಗೆ ಬಂದಿರುತ್ತೀರಿ. ಕೇಳುತ್ತಾ ಕಣ್ಣನ್ನು ಆ ವಸ್ತುವಿನ ಮೇಲೇ ಇಡಿ, ಬರಹ ಆಮೇಲೆ. ಹಿಂದಿ ಅಷ್ಟಕ್ಕಷ್ಟೇ ಅನ್ನುವವರಿಗೆ ಈ ಕ್ರಮ ಕೈಕೊಡುತ್ತದೆ: ಅವರು ಮೊದಲು ಓದಿ, ಆಮೇಲೆ ಕೇಳಲಿ. ಗುಂಪಾಗಿ ಹೋದರೂ ಕಷ್ಟ, ಒಂದು ರಿಸೀವರಿಗೆ ಒಂದೇ ಕಿವಿ. ಇಬ್ಬಿಬ್ಬರಾಗಿ ಬೇರೆ ಬೇರೆ ಮೂಲೆಯಿಂದ ಶುರುಮಾಡಿ. ಎಲ್ಲವನ್ನೂ ಕೇಳಲು ಹೋಗಬೇಡಿ, ಐದಾರು ಸಾಕು. ಅದಕ್ಕಿಂತ ಹೆಚ್ಚಾದರೆ ತಲೆಗೆ ಹೋಗುವುದಿಲ್ಲ. ಸಮಯ ಉಳಿದರೆ ಆ ರಾತ್ರಿ ಅನಿಲ ಸೋರಿದ ಹಳೆಯ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಎದುರಿಗಿರುವ ತಾಯಿ-ಮಗುವಿನ ಪ್ರತಿಮೆಯನ್ನೂ ನೋಡಿ, ಡಚ್ ಶಿಲ್ಪಿ ರೂತ್ ವಾಟರ್‌ಮನ್ ಮಾಡಿದ್ದು. ಅದು ರಸ್ತೆಬದಿಯಲ್ಲೇ ಇದೆ, ಟಿಕೆಟ್ಟಿನ ಗೊಡವೆಯಿಲ್ಲ.