ಮದೀರಾದಲ್ಲಿ ಹತ್ತು ದಿನ: ಎತ್ತರ ನೋಡಿ ಹಾಕಿಕೊಂಡ ಯೋಜನೆ

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಡಿಸೆಂಬರ್ ಕೊನೆಯ ಹೊತ್ತಿಗೆ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಮಂಡ್ಯದ ಕಡೆಯಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದ ಅತ್ತೆ ಮಾವ ಎರಡನೆಯ ವಾರಕ್ಕೇ ರೇಡಿಯೇಟರಿನ ಪಕ್ಕದ ಎರಡು ಕುರ್ಚಿಗಳನ್ನು ಹಿಡಿದು ಕುಳಿತವರು, ಹೊರಗೆ ಕಾಲಿಡುವುದನ್ನೇ ಬಿಟ್ಟಿದ್ದರು. ಮಕ್ಕಳಿಬ್ಬರಿಗೆ, ಒಬ್ಬಳಿಗೆ ಹನ್ನೊಂದು, ಇನ್ನೊಬ್ಬನಿಗೆ ಏಳು, ಎರಡು ವಾರ ಕ್ರಿಸ್‌ಮಸ್ ರಜೆ. ಮಗಳಿಗೆ ಬೆಟ್ಟ ಹತ್ತಬೇಕು, ಮಗನಿಗೆ ಸಮುದ್ರ ಬೇಕು, ಅತ್ತೆಗೆ ಮಂಡಿನೋವು, ಮಾವನಿಗೆ ಸಕ್ಕರೆ ಕಾಯಿಲೆ. ಇವರೆಲ್ಲರಿಗೂ ಹೊಂದುವ, ಬಿಸಿಲಿರುವ, ನಾಲ್ಕೈದು ಗಂಟೆಗಿಂತ ಹೆಚ್ಚು ವಿಮಾನದಲ್ಲಿ ಕೂರಬೇಕಿಲ್ಲದ ಜಾಗ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಹಿರಿಯರ ಷೆಂಗೆನ್ ವೀಸಾ ಪೋರ್ಚುಗಲ್‌ಗೂ ಅನ್ವಯಿಸುವುದರಿಂದ ಮತ್ತೊಂದು ವೀಸಾದ ತಲೆನೋವಿರಲಿಲ್ಲ. ಅಟ್ಲಾಂಟಿಕ್ ಸಾಗರದ ನಡುವೆ, ಲಿಸ್ಬನ್‌ನಿಂದ ಸುಮಾರು 1,000 ಕಿ.ಮೀ. ನೈಋತ್ಯಕ್ಕಿರುವ ಪೋರ್ಚುಗಲ್‌ನ ಸ್ವಾಯತ್ತ ದ್ವೀಪ ಮದೀರಾ ಹೀಗೆ ನಮ್ಮ ಪಟ್ಟಿಯಲ್ಲಿ ಉಳಿಯಿತು.

ನಕ್ಷೆಯಲ್ಲಿ ನೋಡಿದರೆ ಅದು ಸಣ್ಣ ದ್ವೀಪ. ಉದ್ದ 57 ಕಿ.ಮೀ., ಅಗಲ 22 ಕಿ.ಮೀ. ಮೊದಲ ಯೋಜನೆಯನ್ನು ನಾನು ಆ ಅಳತೆಯನ್ನು ನಂಬಿಯೇ ಮಾಡಿದ್ದೆ: ದಿನಕ್ಕೆ ಒಂದು ದಿಕ್ಕು, ದಿಕ್ಕಿಗೆ ನಾಲ್ಕು ಸ್ಥಳ. ಆದರೆ ಆ 22 ಕಿ.ಮೀ. ಅಗಲದ ನಡುವೆ ಮುಳ್ಳಯ್ಯನಗಿರಿಗಿಂತ ತುಸುವೇ ಕುಳ್ಳಾದ ಶಿಖರಗಳು ಎದ್ದು ನಿಂತಿವೆ. ಪೀಕು ರುಯಿವು 1,862 ಮೀಟರ್, ಅದರ ಸಮೀಪದ ಪೀಕು ದು ಅರಿಯೈರು 1,818 ಮೀಟರ್. ಈಶಾನ್ಯದಿಂದ ಬೀಸುವ ಗಾಳಿ ತನ್ನ ತೇವವನ್ನು ಉತ್ತರದ ಇಳಿಜಾರಿನಲ್ಲಿ ಸುರಿಸಿಬಿಡುವುದರಿಂದ ದಕ್ಷಿಣ ತೀರದ ಫುಂಶಾಲ್ ನಗರದಲ್ಲಿ ಚಳಿಗಾಲದ ಹಗಲು 19–20 ಡಿಗ್ರಿ ಇದ್ದು ಬಿಸಿಲು ಕಾಯುತ್ತಿರುವಾಗಲೇ, ಕಾರಿನಲ್ಲಿ ನಲವತ್ತು ನಿಮಿಷ ಏರಿದರೆ ಸಿಗುವ ಅರಿಯೈರುವಿನಲ್ಲಿ ಐದಾರು ಡಿಗ್ರಿಯ ಚಳಿಗಾಳಿ ಬೀಸುತ್ತಿರಬಹುದು, ನಡುವಿನ ಎತ್ತರದಲ್ಲಿ ಮೋಡ ಕವಿದು ಮುಂದಿನ ತಿರುವೇ ಕಾಣದಿರಬಹುದು. ಇದು ತಿಳಿದ ಮೇಲೆ ದಿನಾಂಕವಾರು ಪಟ್ಟಿಯನ್ನು ಹರಿದುಹಾಕಿ, ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆದೆ: ಸಮುದ್ರಮಟ್ಟ, ನಡುಬೆಟ್ಟ, ಶಿಖರ. ಪ್ರತಿ ಸ್ಥಳವನ್ನೂ ಅದರ ಎತ್ತರದ ಅಂಕಣದಲ್ಲಿ ಬರೆದು, ಯಾವ ದಿನ ಯಾವುದು ಎನ್ನುವುದನ್ನು ಆಯಾ ಬೆಳಿಗ್ಗೆಗೆ ಬಿಟ್ಟೆ. ಬೆಳಿಗ್ಗೆ ಎದ್ದೊಡನೆ ಮಾಡಬೇಕಾದದ್ದು ಎರಡೇ ಕೆಲಸ. ದ್ವೀಪದ ಹಲವು ಕಡೆ ಇರಿಸಿರುವ ವೆಬ್‌ಕ್ಯಾಮೆರಾಗಳಲ್ಲಿ ಶಿಖರ ಮತ್ತು ಉತ್ತರ ತೀರವನ್ನು ನೋಡುವುದು. ಪೋರ್ಚುಗಲ್‌ನ ಹವಾಮಾನ ಸಂಸ್ಥೆ ಐಪಿಎಂಎ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಕೊಡುವ ಎಚ್ಚರಿಕೆಗಳನ್ನು ಓದುವುದು. ಎಚ್ಚರಿಕೆಯನ್ನು ಅಲ್ಲಿನವರು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2010ರ ಫೆಬ್ರವರಿ 20ರಂದು ಸುರಿದ ಮಳೆಗೆ ಬೆಟ್ಟದ ಕಲ್ಲುಮಣ್ಣು ಫುಂಶಾಲ್‌ನ ಬೀದಿಗಳಿಗೇ ನುಗ್ಗಿ, ದ್ವೀಪದಲ್ಲಿ 40ಕ್ಕೂ ಹೆಚ್ಚು ಮಂದಿ ಸತ್ತಿದ್ದರು.

ಇಷ್ಟೆಲ್ಲ ಲೆಕ್ಕ ಹಾಕಿದ ನಾನು ಮನೆ ಹಿಡಿಯುವಾಗ ಅದೇ ಲೆಕ್ಕವನ್ನು ಮರೆತೆ. ಹೊಸ ವರ್ಷದ ಸುತ್ತಮುತ್ತಲ ವಾರ ಅಲ್ಲಿ ಬಾಡಿಗೆ ಅತಿ ಹೆಚ್ಚಿರುವ ವಾರ. ಸ್ವಲ್ಪ ಉಳಿಸೋಣವೆಂದು ಮೊದಲ ಮೂರು ರಾತ್ರಿಗೆ ನಗರದ ಮೇಲಿನ ಇಳಿಜಾರಿನಲ್ಲಿ ಒಂದು ಮನೆ ಗೊತ್ತುಮಾಡಿದೆ. ಚಿತ್ರಗಳಲ್ಲಿ ಇಡೀ ಕೊಲ್ಲಿ ಕಾಣುತ್ತಿತ್ತು. ಅದು ಸಮುದ್ರಮಟ್ಟದಿಂದ 450 ಮೀಟರ್ ಮೇಲಿದೆ ಎಂಬುದು ಚಿತ್ರದಲ್ಲಿ ಕಾಣಲಿಲ್ಲ, ರಸ್ತೆಯಿಂದ ಬಾಗಿಲಿಗೆ 34 ಮೆಟ್ಟಿಲು ಇಳಿಯಬೇಕೆಂಬುದು ವಿವರಣೆಯಲ್ಲಿ ಇರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಇಳಿದು ಕಿಟಕಿಗೆ ಅಂಟಿಕೊಳ್ಳುತ್ತಿತ್ತು. ಅಲ್ಲಿನ ಎಷ್ಟೋ ಮನೆಗಳಂತೆ ಅದರಲ್ಲೂ ಮನೆಯನ್ನು ಬೆಚ್ಚಗಿಡುವ ವ್ಯವಸ್ಥೆಯಿರಲಿಲ್ಲ. ಕೊಟ್ಟಿದ್ದ ಒಂದೇ ಒಂದು ವಿದ್ಯುತ್ ಹೀಟರನ್ನು ಅತ್ತೆ ಮಾವನ ಕೋಣೆಯಲ್ಲಿಟ್ಟು ನಾವು ನಾಲ್ವರು ಸ್ವೆಟರ್ ಹಾಕಿಕೊಂಡೇ ಮಲಗಿದೆವು. ಒಗೆದ ಬಟ್ಟೆ ಮೂರು ದಿನವಾದರೂ ಒಣಗಲಿಲ್ಲ. ಐಂಡ್‌ಹೋವನ್ ಮನೆಯೇ ಬೆಚ್ಚಗಿತ್ತಲ್ಲವೇ ಎಂದು ಅತ್ತೆ ಬಾಯಿಬಿಟ್ಟು ಹೇಳಲಿಲ್ಲವಾದರೂ, ಶಾಲನ್ನು ಎಳೆದುಕೊಳ್ಳುವ ರೀತಿಯಲ್ಲಿ ಹೇಳಿದರು. ಉಳಿದ ಆರು ರಾತ್ರಿಗೆ ನಾನು ಹಿಡಿದಿದ್ದ ಮನೆ ಫುಂಶಾಲ್‌ನ ಪಶ್ಚಿಮಕ್ಕೆ, ಲೀಡು ಎಂಬ ಕಡಲಂಚಿನ ಭಾಗದಲ್ಲಿತ್ತು. ಅಲ್ಲಿಂದ ಕಡಲ ಪಕ್ಕದಲ್ಲೇ ಹೆಚ್ಚು ಏರಿಳಿತವಿಲ್ಲದ ಕಾಲುದಾರಿಯೊಂದು ಹೋಗುತ್ತದೆ. ಲಿಫ್ಟ್ ಇದ್ದ ಆ ಮನೆಗೆ ಬಂದ ದಿನವೇ ಅತ್ತೆ ಒಬ್ಬರೇ ನಡೆದುಕೊಂಡು ಹೋಗಿ ಬಂದರು. ಮದೀರಾದಲ್ಲಿ ಮನೆ ಹಿಡಿಯುವವರು ವಿಳಾಸವನ್ನು ಎತ್ತರ ತೋರಿಸುವ ನಕ್ಷೆಯಲ್ಲಿ ನೋಡಿ, ರಸ್ತೆಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು ಎಂದು ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆಯುವುದು ಒಳ್ಳೆಯದು.

ಕಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರು ಜನರಿಗೆ ಏಳು ಸೀಟಿನ ಗಾಡಿಯೇ ಬೇಕು, ಅಷ್ಟು ಭಾರ ಹೊತ್ತು ಆ ಏರುಗಳನ್ನು ಹತ್ತಲು ಸಣ್ಣ ಎಂಜಿನ್ ಸಾಲದು. ಪೋರ್ಚುಗಲ್‌ನಲ್ಲಿ 12 ವರ್ಷದೊಳಗಿನ, 135 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಕಾರಿನಲ್ಲಿ ವಿಶೇಷ ಆಸನ ಕಡ್ಡಾಯವಾದ್ದರಿಂದ ಮಗನದನ್ನು ಮನೆಯಿಂದಲೇ ಒಯ್ದೆವು. ಹೊಸ ರಸ್ತೆಗಳು ಬೆಟ್ಟಗಳನ್ನು ಸುರಂಗಗಳಲ್ಲಿ ಕೊರೆದುಕೊಂಡು ಹೋಗುತ್ತವೆ. ಹಳೆಯ ರಸ್ತೆಗಳು ಆಗುಂಬೆ ಘಾಟಿಯ ತಿರುವುಗಳನ್ನು ನೆನಪಿಗೆ ತರುತ್ತವೆ. ಅತ್ತೆ ಕೈಯಲ್ಲಿ ನಿಂಬೆಹಣ್ಣು ಹಿಡಿದೇ ಕೂರುತ್ತಿದ್ದರು. ಹತ್ತೂ ದಿನಕ್ಕೆ ಕಾರು ಬೇಕಿಲ್ಲ, ನಾವು ಐದು ದಿನಕ್ಕೆ ಮಾತ್ರ ತೆಗೆದುಕೊಂಡೆವು.

ಆ ಐದು ದಿನಗಳಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ರಿಬೈರು ಫ್ರಿಯು ಎಂಬ ನಡುಬೆಟ್ಟದ ಊರಿಗೆ ಹೋದ ದಿನ. ಮೋಡ ಶಿಖರವನ್ನು ಮುಚ್ಚಿತ್ತು, ಆದರೆ ನಡುಬೆಟ್ಟದ ಕ್ಯಾಮೆರಾ ತಿಳಿಯಾಗಿತ್ತು. ಹಾಗಾಗಿ ಎರಡನೆಯ ಅಂಕಣದಿಂದ ಲೆವಾಡಾ ದುಸ್ ಬಲ್ಕೊಯಿಂಶ್ ಎಂಬ ಕಾಲುದಾರಿಯನ್ನು ಆರಿಸಿದೆ. ಒಂದು ಕಡೆಗೆ ಒಂದೂವರೆ ಕಿ.ಮೀ., ಹೆಚ್ಚುಕಡಿಮೆ ಸಮತಟ್ಟು, ಅಗಲವಾದ ದಾರಿ. ಈಗ ಅಲ್ಲಿನ ಅಧಿಕೃತ ಕಾಲುದಾರಿಗಳಿಗೆ ಶುಲ್ಕವಿದೆ, ಮಳೆ ಬಿದ್ದಾಗ ಕೆಲವನ್ನು ಮುಚ್ಚುವುದೂ ಉಂಟು; ಹೊರಡುವ ಮುನ್ನ ಎರಡನ್ನೂ ನೋಡಿಕೊಳ್ಳಬೇಕು. ಲೆವಾಡಾ ಎಂದರೆ ಮಳೆ ಹೆಚ್ಚಿರುವ ಉತ್ತರದ ಬೆಟ್ಟಗಳಿಂದ ಒಣಗಿದ ದಕ್ಷಿಣದ ಹೊಲಗಳಿಗೆ ನೀರು ಒಯ್ಯಲು ಹದಿನೈದನೆಯ ಶತಮಾನದಿಂದಲೂ ಬಂಡೆ ಕಡಿದು ಕಟ್ಟಿಕೊಂಡು ಬಂದ ಕಿರುಗಾಲುವೆ. ಅದನ್ನು ನೋಡಿಕೊಳ್ಳುವವರು ಓಡಾಡಲು ಬಿಟ್ಟ ಅಂಚೇ ಇಂದು ಪ್ರವಾಸಿಗರ ದಾರಿ. ನಾನು ಇದನ್ನೆಲ್ಲ ಓದಿಕೊಂಡು ಹೋಗಿದ್ದೆ. ಮಾವನಿಗೆ ಓದುವ ಅಗತ್ಯ ಬೀಳಲಿಲ್ಲ. ಜೀವನವಿಡೀ ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು ಬೆಳೆದ ಅವರು ಬಗ್ಗಿ ನೀರಿಗೆ ಕೈಯಿಟ್ಟು, ಅದು ಹರಿಯುವ ದಿಕ್ಕನ್ನೂ ಇಳಿಜಾರನ್ನೂ ಒಂದು ನಿಮಿಷ ನೋಡಿ, "ಇದು ನಾಲೆ ಕಣಮ್ಮ. ಇದ್ರ ನೀರುಗಂಟಿ ಎಲ್ಲವ್ನೆ?" ಎಂದರು. ನೀರುಗಂಟಿ ನಿಜಕ್ಕೂ ಇದ್ದಾನೆ, ಲೆವಾಡೈರು ಎನ್ನುತ್ತಾರೆ, ಗಂಟೆಗಳ ಲೆಕ್ಕದಲ್ಲಿ ಸರದಿಯ ಮೇಲೆ ಹೊಲಗಳಿಗೆ ನೀರು ಬಿಡುವುದು ಅವನ ಕೆಲಸ ಎಂದು ಹೇಳಿದಾಗ ಅವರ ಮುಖ ಅರಳಿತು. ಸರದಿ ತಪ್ಪಿಸಿ ನೀರು ಕಟ್ಟಿಕೊಂಡವರ ಕಥೆ ಇಲ್ಲಿಯೂ ಇರಲೇಬೇಕೆಂದು ದಾರಿಯುದ್ದಕ್ಕೂ ಮಗನಿಗೆ ಊರಿನ ನೀರುಜಗಳಗಳನ್ನು ಹೇಳುತ್ತಾ ನಡೆದರು. ಕೊನೆಯಲ್ಲಿ ಕಂದಕದ ಮೇಲೆ ಚಾಚಿದ ಕಟ್ಟೆಯೊಂದಿದೆ. ಅಲ್ಲಿ ನಿಂತಾಗ ಮೋಡದ ನಡುವೆ ಶಿಖರದ ಒಂದು ತುಣುಕು ಕಂಡು ಮಾಯವಾಯಿತು. ಮಕ್ಕಳು ಅದನ್ನು ನೋಡಲೇ ಇಲ್ಲ, ಏಕೆಂದರೆ ಫಿಂಚ್ ಜಾತಿಯ ಪುಟ್ಟ ಹಕ್ಕಿಯೊಂದು ಕಂಬಿಯಿಂದ ಮಗಳ ತೆರೆದ ಅಂಗೈಗೆ ಹಾರಿ ಬಂದು, ಅಲ್ಲಿ ಏನೂ ಇಲ್ಲದ್ದನ್ನು ಪರೀಕ್ಷಿಸಿ ಸಿಟ್ಟಾದಂತೆ ಹಾರಿಹೋಗಿತ್ತು.

ಶಿಖರ ತಿಳಿಯಾಗಿ ಸಿಕ್ಕಿದ್ದು ಎಂಟನೆಯ ಬೆಳಿಗ್ಗೆ. ಆ ಕಾಲದಲ್ಲಿ ಅಲ್ಲಿ ಸೂರ್ಯೋದಯ ಎಂಟು ಗಂಟೆ ದಾಟಿದ ಮೇಲೆ. ಮಕ್ಕಳನ್ನು ನಡುರಾತ್ರಿ ಎಬ್ಬಿಸದೆ, ಏಳಕ್ಕೆ ಮನೆ ಬಿಟ್ಟು ಅರಿಯೈರುವಿನ ಮೇಲೆ ಸೂರ್ಯೋದಯ ನೋಡಬಹುದಾದದ್ದು ಚಳಿಗಾಲದ ಪ್ರವಾಸಕ್ಕಿರುವ ದೊಡ್ಡ ಅನುಕೂಲ. ರಸ್ತೆ ಶಿಖರದವರೆಗೂ ಹೋಗುವುದರಿಂದ ಅತ್ತೆಯೂ ಬಂದರು. ಮೋಡದ ಹಾಸು ನಮ್ಮ ಕಾಲ ಕೆಳಗಿತ್ತು. ಹತ್ತು ಗಂಟೆಗೆ ವಾಪಸು ಬಂದು, ಹನ್ನೊಂದಕ್ಕೆ ಮಗ ಚಡ್ಡಿ ಹಾಕಿಕೊಂಡು ಕಡಲ ನೀರಿನಲ್ಲಿದ್ದ. ನೀರು ಸುಮಾರು 19 ಡಿಗ್ರಿ. ಅವನಿಗೆ ಪರವಾಗಿಲ್ಲ, ನನಗೆ ಸಾಕು.

ಊಟದ ಚಿಂತೆ ನಾನು ಮಾಡಿಕೊಂಡಷ್ಟು ಇರಲಿಲ್ಲ. ಅತ್ತೆ ಸಸ್ಯಾಹಾರಿ. ಎರಡು ಕಿಲೋ ಅಕ್ಕಿ, ಸಾರಿನ ಪುಡಿ, ಪುಟ್ಟ ಕುಕ್ಕರ್ ಒಯ್ದಿದ್ದೆವು. ತರಕಾರಿಗೆ 1940ರಲ್ಲಿ ತೆರೆದ ಫುಂಶಾಲ್‌ನ ಮರ್ಕಾದು ದುಸ್ ಲವ್ರದೋರಿಶ್ ಮಾರುಕಟ್ಟೆಗೆ ಹೋದಾಗ ಅತ್ತೆ ನಮ್ಮೆಲ್ಲರನ್ನೂ ಹಿಂದೆ ಬಿಟ್ಟು ಮುಂದೆ ನಡೆದರು. ಅಲ್ಲಿ ಸೀಮೆಬದನೆ ರಾಶಿ ಇತ್ತು, ಪಿಂಪಿನೆಲಾ ಎನ್ನುತ್ತಾರೆ. ಕೆಸುವಿನ ಗೆಡ್ಡೆ, ಗೆಣಸು, ಚಿಕ್ಕ ಬಾಳೆಹಣ್ಣು, ಸೀತಾಫಲದ ಹತ್ತಿರದ ನೆಂಟನಾದ, ಆದರೆ ಹೊರಮೈ ನುಣುಪಾದ ಅನೋನಾ. ಪ್ರವಾಸಿಗರ ಮುಂದೆ ಹಣ್ಣಿನ ಚೂರು ಹಿಡಿದು ಕರೆಯುವ ಅಂಗಡಿಗಳಲ್ಲಿ ಬೆಲೆ ಕೇಳದೆ ಏನನ್ನೂ ತೂಗಿಸಬಾರದು. ನಾನು ನಾಲ್ಕು ಪ್ಯಾಶನ್ ಹಣ್ಣಿಗೆ ಕೊಟ್ಟ ಹಣವನ್ನು ಮಾವನಿಗೆ ಈವರೆಗೂ ಹೇಳಿಲ್ಲ. ಹೋಟೆಲುಗಳಲ್ಲಿ ಅತ್ತೆಗೆ ಒಗ್ಗಿದ್ದು ಮೆಕ್ಕೆಜೋಳದ ಹಿಟ್ಟನ್ನು ಮುದ್ದೆಯಂತೆ ಬೇಯಿಸಿ, ಆರಿಸಿ, ಚೌಕವಾಗಿ ಕತ್ತರಿಸಿ ಕರಿಯುವ ಮೀಲ್ಯು ಫ್ರೀತು, ಮತ್ತು ಗೆಣಸು ಬೆರೆಸಿದ ಗೋಧಿಹಿಟ್ಟಿನಿಂದ ಮಾಡುವ ಬೋಲು ದು ಕಾಕು ಎಂಬ ದಪ್ಪ ರೊಟ್ಟಿ. ತರಕಾರಿ ಸೂಪಿನಲ್ಲಿಯೂ ಮಾಂಸದ ಚೂರಿರಬಹುದು, ಕೇಳಿಯೇ ತರಿಸಬೇಕು. ಬೋಲು ದು ಮೆಲ್ ಎಂಬ ಕ್ರಿಸ್‌ಮಸ್ ಕಾಲದ ಕಪ್ಪು ಕೇಕಿಗೂ ಇದೇ ಮಾತು: ಅದರಲ್ಲಿರುವ ಮೆಲ್ ಜೇನಲ್ಲ, ಕಬ್ಬಿನ ಕಾಕಂಬಿ, ಅಂದರೆ ಮೂಸಿದೊಡನೆ ಮಾವ ಗುರುತಿಸಿದಂತೆ ನಮ್ಮ ಜೋನಿಬೆಲ್ಲದ ಬಳಗ, ಆದರೆ ಹಳೆಯ ಕ್ರಮದಲ್ಲಿ ಹಂದಿಯ ಕೊಬ್ಬನ್ನೂ ಹಾಕುವುದರಿಂದ ಲೇಬಲ್ ಓದಿ, ಕೊಬ್ಬಿಲ್ಲದ್ದನ್ನು ಹುಡುಕಿ ಕೊಂಡೆವು. ಅದನ್ನು ಚಾಕುವಿನಿಂದ ಕತ್ತರಿಸುವುದಿಲ್ಲ, ಕೈಯಿಂದ ಮುರಿಯುತ್ತಾರೆ. ಒಂದು ಕಾಲಕ್ಕೆ ಈ ದ್ವೀಪ ಸಕ್ಕರೆಯಿಂದಲೇ ಸಿರಿವಂತವಾಗಿತ್ತು. ಫುಂಶಾಲ್ ನಗರದ ಲಾಂಛನದಲ್ಲಿ ಇಂದಿಗೂ ಐದು ಸಕ್ಕರೆ ಅಚ್ಚುಗಳಿವೆ.

ಡಿಸೆಂಬರ್ 31ರ ರಾತ್ರಿಯ ಬಾಣಬಿರುಸು 2006ರಲ್ಲಿ ಗಿನ್ನೆಸ್ ದಾಖಲೆ ಸೇರಿದ್ದು. ನಗರವೇ ಬಟ್ಟಲಿನಂತೆ ಕೊಲ್ಲಿಯನ್ನು ಸುತ್ತಿರುವುದರಿಂದ ಎಲ್ಲಿಂದಲಾದರೂ ಕಾಣುತ್ತದೆ. ದುಬಾರಿ ದೋಣಿಯ ಟಿಕೆಟ್ ಕೊಳ್ಳದೆ ಮನೆಯ ಬಾಲ್ಕನಿಯಿಂದಲೇ ನೋಡಿದೆವು. ಮಕ್ಕಳಿಗೆ ಅದಕ್ಕಿಂತ ಹಿಡಿಸಿದ್ದು ಮೊಂತಿ ಬೆಟ್ಟದಿಂದ ಬೆತ್ತದ ಬುಟ್ಟಿಗಾಡಿಯಲ್ಲಿ ಜಾರಿಬಂದದ್ದು. ಹುಲ್ಲಿನ ಟೋಪಿ ತೊಟ್ಟ ಇಬ್ಬರು ತಮ್ಮ ಬೂಟಿನ ಅಟ್ಟೆಯನ್ನೇ ಬ್ರೇಕು ಮಾಡಿಕೊಂಡು, ವಾಹನಗಳು ಓಡಾಡುವ ರಸ್ತೆಯಲ್ಲೇ ಎರಡು ಕಿ.ಮೀ. ತಳ್ಳಿಕೊಂಡು ಬರುತ್ತಾರೆ.

ಹೊರಡುವ ದಿನವನ್ನು ನಾನು ಜನವರಿ 4 ಎಂದಿಟ್ಟಿದ್ದೆ, ಶಾಲೆ ತೆರೆಯುವುದು 8ಕ್ಕೆ. ನಡುವೆ ಮೂರು ದಿನ ವ್ಯರ್ಥವೆಂದು ನನ್ನ ಗಂಡ ಗೊಣಗಿದ್ದರು. ಮದೀರಾದ ವಿಮಾನ ನಿಲ್ದಾಣ ಬೆಟ್ಟದ ಬುಡದಲ್ಲಿ ಕಡಲಂಚಿಗಿದೆ. ಅಡ್ಡಗಾಳಿ ಒಂದು ಮಿತಿ ಮೀರಿದರೆ ವಿಮಾನಗಳು ಇಳಿಯದೆ ಪಕ್ಕದ ಪೋರ್ತು ಸಾಂತು ದ್ವೀಪಕ್ಕೋ ಲಿಸ್ಬನ್‌ಗೋ ಹೋಗುತ್ತವೆ. ಅಲ್ಲಿ ಇಳಿಸಲು ವಿಮಾನದ ಕ್ಯಾಪ್ಟನ್‌ಗೆ ಪ್ರತ್ಯೇಕ ತರಬೇತಿಯೇ ಆಗಿರಬೇಕು. ಅಂದು ನಮ್ಮನ್ನು ಕರೆದೊಯ್ಯಬೇಕಿದ್ದ ವಿಮಾನ ಎರಡು ಬಾರಿ ಇಳಿಯಲು ನೋಡಿ ಹಿಂತಿರುಗಿತು. ಹವಾಮಾನದ ಕಾರಣಕ್ಕೆ ಪರಿಹಾರಧನ ಸಿಗುವುದಿಲ್ಲವಾದರೂ, ಯುರೋಪಿನ ನಿಯಮದ ಪ್ರಕಾರ ಊಟ, ವಸತಿ ಮತ್ತು ಬದಲಿ ಪ್ರಯಾಣವನ್ನು ವಿಮಾನ ಸಂಸ್ಥೆ ಕೊಡಲೇಬೇಕು. ಮಾವನ ಮಾತ್ರೆಗಳನ್ನು ಐದು ದಿನಕ್ಕೆ ಹೆಚ್ಚಾಗಿಯೇ ಕೈಚೀಲದಲ್ಲಿ ಇಟ್ಟುಕೊಂಡಿದ್ದರಿಂದ ನಾನು ನೆಮ್ಮದಿಯಿಂದ ಸಾಲಿನಲ್ಲಿ ನಿಂತೆ.

ಮಶೀಕು ಪಟ್ಟಣದ ಹೋಟೆಲಿಗೆ ಬಸ್ಸು ಹೊರಟಿತು. ಆ ಕಡೆಯ ರಸ್ತೆ ರನ್‌ವೇಯ ಅಡಿಯಲ್ಲೇ ಹಾದುಹೋಗುತ್ತದೆ, ಏಕೆಂದರೆ ಜಾಗವಿಲ್ಲದ ಆ ಊರಿನಲ್ಲಿ 2000ರಲ್ಲಿ ರನ್‌ವೇಯನ್ನು ದೊಡ್ಡ ದೊಡ್ಡ ಕಾಂಕ್ರೀಟ್ ಕಂಬಗಳ ಮೇಲೆ ಉದ್ದಕ್ಕೆ ಚಾಚಿದ್ದಾರೆ. ಮಾವ ಕಿಟಕಿಗೆ ಮುಖವಿಟ್ಟು ಕಂಬಗಳನ್ನು ಎಣಿಸತೊಡಗಿದರು. ಇಪ್ಪತ್ತಮೂರರವರೆಗೆ ಬಂದಿದ್ದರು, ಅಷ್ಟರಲ್ಲಿ ಬಸ್ಸು ಕಂಬಗಳನ್ನು ದಾಟಿತು; ನಾಳೆ ಬರುವಾಗ ಎಡಗಡೆ ಕೂರೋಣ, ಆಗ ಮಿಕ್ಕಿದ್ದು ಎಣಿಸಬಹುದು ಎಂದು ಮೊಮ್ಮಗನಿಗೆ ಹೇಳಿದರು.