ತೂಕ ನೋಡಿದರೆ ಸಾಲದು: ದೇಹದ ಕ್ಷಮತೆ ಮನೆಯಲ್ಲೇ ಅಳೆಯುವುದು ಹೇಗೆ?

ತೂಕದ ಯಂತ್ರ ಹೇಳುವುದು ಒಟ್ಟು ತೂಕ ಮಾತ್ರ. ಅದರಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದು ಅದರಿಂದ ತಿಳಿಯದು. ಹೃದಯದ ತಾಕತ್ತು, ಕಾಲಿನ ಕಸುವು ಅಳೆಯಬೇಕಾದರೆ ಟೇಪು, ಸೆಕೆಂಡ್ ತೋರಿಸುವ ಗಡಿಯಾರ, ಅಲುಗಾಡದ ಕುರ್ಚಿ, ಗಟ್ಟಿಯಾದ ಮೆಟ್ಟಿಲು ಮತ್ತು ಒಂದು ನೋಟ್‌ಬುಕ್ ಬೇಕು. ಹೃದ್ರೋಗ, ಎದೆನೋವು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಮೆಟ್ಟಿಲಿನ ಪರೀಕ್ಷೆಗೆ ಇಳಿಯಬಾರದು.

ಮೊದಲು ನಾಡಿ

ಬೆಳಿಗ್ಗೆ ಎಚ್ಚರವಾದ ಮೇಲೆ, ಹಾಸಿಗೆಯಿಂದ ಏಳುವ ಮುಂಚೆ ಎಣಿಸಿ. ಹೆಬ್ಬೆರಳಿನ ಬುಡಕ್ಕೆ ನೇರವಾಗಿ, ಮಣಿಕಟ್ಟಿನ ಮೇಲೆ ತೋರುಬೆರಳು ಮತ್ತು ನಡುಬೆರಳನ್ನು ಮೆಲ್ಲಗೆ ಇಡಿ. ಹೆಬ್ಬೆರಳು ಬಳಸಿದರೆ ಅದರದೇ ಮಿಡಿತ ಸೇರಿ ಲೆಕ್ಕ ತಪ್ಪುತ್ತದೆ. ಪೂರ್ತಿ 60 ಸೆಕೆಂಡ್ ಎಣಿಸಿ. ವಯಸ್ಕರಲ್ಲಿ 60ರಿಂದ 100 ಸಾಮಾನ್ಯ. ನಿಯಮಿತ ವ್ಯಾಯಾಮ ಮಾಡುವವರಲ್ಲಿ ಇನ್ನೂ ಕಡಿಮೆ ಇರಬಹುದು. ಜ್ವರ, ನಿದ್ರೆಗೇಡು, ಕಾಫಿ ಇದನ್ನು ಏರಿಸುತ್ತವೆ. ಒಂದು ದಿನದ ಅಂಕಿ ನಂಬದೆ ಮೂರು ದಿನದ ಸರಾಸರಿ ಬರೆದಿಡಿ.

ಮೂರು ನಿಮಿಷದ ಮೆಟ್ಟಿಲು

ಹೃದಯ ಮತ್ತು ಶ್ವಾಸಕೋಶದ ಸಾಮರ್ಥ್ಯಕ್ಕೆ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗುವುದು ಕಷ್ಟ. ಮೆಟ್ಟಿಲು 30 ಸೆಂ.ಮೀ. ಎತ್ತರವಿರಲಿ. ಮೊಬೈಲ್‌ನಲ್ಲಿ ಮೆಟ್ರೊನೋಮ್ (ಒಂದೇ ಲಯದಲ್ಲಿ ಟಿಕ್ ಟಿಕ್ ಬಡಿಯುವ) ಆ್ಯಪ್ ಹಾಕಿ, ನಿಮಿಷಕ್ಕೆ 96 ಬಡಿತಕ್ಕೆ ಹೊಂದಿಸಿ. ಒಂದೊಂದು ಬಡಿತಕ್ಕೆ ಒಂದೊಂದು ಹೆಜ್ಜೆ: ಒಂದು ಕಾಲು ಮೇಲೆ, ಇನ್ನೊಂದು ಮೇಲೆ, ಒಂದು ಕೆಳಗೆ, ಇನ್ನೊಂದು ಕೆಳಗೆ. ನಿಮಿಷಕ್ಕೆ 24 ಸುತ್ತು. ಮೂರು ನಿಮಿಷ ಮುಗಿದ ಕೂಡಲೇ ಕುಳಿತು, ಐದು ಸೆಕೆಂಡ್‌ನೊಳಗೆ ನಾಡಿಯ ಎಣಿಕೆ ಶುರುಮಾಡಿ, ಒಂದು ನಿಮಿಷ ಪೂರ್ತಿ ಎಣಿಸಿ. ಸಂಖ್ಯೆ ಕಡಿಮೆಯಾದಷ್ಟೂ ಒಳ್ಳೆಯದು.

ಹೆಚ್ಚಿನವರು ಎಡವುವುದು ಈ ಎಣಿಕೆಯಲ್ಲೇ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಅಂಕಿ ಜಾಸ್ತಿ ಬರುತ್ತದೆ, ಏಕೆಂದರೆ ಆ ನಿಮಿಷದಲ್ಲಿ ನಾಡಿ ಬೇಗ ಬೇಗ ಇಳಿಯುತ್ತಿರುತ್ತದೆ. ಮನೆಯ ಮಾಮೂಲಿ ಮೆಟ್ಟಿಲು ತಗ್ಗಾಗಿರುತ್ತದೆ; ಅದರ ಮೇಲೆ ಮಾಡಿದ ಫಲಿತಾಂಶವನ್ನು ಪುಸ್ತಕಗಳಲ್ಲಿ ಸಿಗುವ ಸಿದ್ಧ ಪಟ್ಟಿಯೊಂದಿಗೆ ಹೋಲಿಸಬೇಡಿ, ನಿಮ್ಮದೇ ಹಿಂದಿನ ಅಂಕಿಯೊಂದಿಗೆ ಹೋಲಿಸಿ. ಬೀಟಾ ಬ್ಲಾಕರ್ (ರಕ್ತದೊತ್ತಡ, ಹೃದ್ರೋಗಕ್ಕೆ ಕೊಡುವ ಔಷಧ) ಮಾತ್ರೆ ನುಂಗುವವರಲ್ಲಿ ನಾಡಿ ಏರುವುದೇ ಕಡಿಮೆ, ಹಾಗಾಗಿ ಅವರಿಗೆ ಈ ಪರೀಕ್ಷೆ ಸರಿಯಾದ ಉತ್ತರ ಕೊಡದು. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ.

ಕಾಲಿನ ಬಲಕ್ಕೆ ಕುರ್ಚಿ

ಸುಮಾರು 43 ಸೆಂ.ಮೀ. ಎತ್ತರದ, ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಕೈಗಳನ್ನು ಎದೆಯ ಮೇಲೆ ಕತ್ತರಿಯಂತೆ ಕಟ್ಟಿಕೊಂಡು, 30 ಸೆಕೆಂಡ್‌ನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ ಎಣಿಸಿ. ಅರೆಬರೆ ಎದ್ದದ್ದು ಲೆಕ್ಕಕ್ಕಿಲ್ಲ. ಇದು ಹಿರಿಯರಿಗೆಂದೇ ರೂಪಿಸಿದ ಪರೀಕ್ಷೆ: 60ರಿಂದ 64 ವಯಸ್ಸಿನಲ್ಲಿ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಅದು ಸರಾಸರಿಗಿಂತ ಕೆಳಗೆ, ಬೀಳುವ ಅಪಾಯದ ಸೂಚನೆಯೂ ಹೌದು.

ಕೊಬ್ಬಿನ ಲೆಕ್ಕ

ಇಲ್ಲಿ ಟೇಪನ್ನೇ ಹೆಚ್ಚು ನಂಬಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಟ್ಟನಡುವೆ ಬರಿ ಮೈಗೆ ಟೇಪು ಸುತ್ತಿ. ಅದು ನೆಲಕ್ಕೆ ಸಮಾನಾಂತರವಾಗಿರಲಿ, ಚರ್ಮವನ್ನು ಒತ್ತದಿರಲಿ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿ, ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಈ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು: 160 ಸೆಂ.ಮೀ. ಎತ್ತರದವರಿಗೆ 80ರೊಳಗೆ.

ಕೊಬ್ಬಿನ ಶೇಕಡಾವಾರು ತೋರಿಸುವ ಡಿಜಿಟಲ್ ಯಂತ್ರಗಳು ಪಾದದ ಮೂಲಕ ಸಣ್ಣ ವಿದ್ಯುತ್ ಹರಿಸಿ, ಅದಕ್ಕೆ ದೇಹ ಒಡ್ಡಿದ ತಡೆಯಿಂದ ಅಂದಾಜು ಕಟ್ಟುತ್ತವೆ. ನೀರಿನಂಶವಿರುವ ಸ್ನಾಯುವಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯದು. ಹಾಗಾಗಿ ಬೆವರಿ ನೀರು ಕಡಿಮೆಯಾಗಿದ್ದರೆ ಕೊಬ್ಬು ಜಾಸ್ತಿ ಎಂದು ತೋರಬಹುದು. ಬೆಳಿಗ್ಗೆ ಶೌಚ ಮುಗಿಸಿ, ತಿನ್ನುವ ಮುಂಚೆ, ಬರಿಗಾಲಲ್ಲಿ ನಿಲ್ಲಿ. ಪೇಸ್‌ಮೇಕರ್ (ಹೃದಯದ ಬಡಿತ ಸರಿಯಾಗಿಡಲು ದೇಹದೊಳಗೆ ಅಳವಡಿಸುವ ಸಾಧನ) ಇರುವವರು ಇದನ್ನು ಬಳಸಲೇಬಾರದು.

ಆರರಿಂದ ಎಂಟು ವಾರಕ್ಕೊಮ್ಮೆ, ಅದೇ ಹೊತ್ತು, ಅದೇ ಮೆಟ್ಟಿಲು, ಅದೇ ಕುರ್ಚಿಯಲ್ಲಿ ಮತ್ತೆ ಮಾಡಿ. ಟೇಪಿನಲ್ಲಿ ಒಂದು ಸೆಂ.ಮೀ. ಹೆಚ್ಚುಕಡಿಮೆ ಕಂಡರೆ ಅದು ಅಳೆದ ಕೈಯ ವ್ಯತ್ಯಾಸವೂ ಇರಬಹುದು. ಪ್ರತಿ ಸಲ ಎರಡು ಬಾರಿ ಅಳೆದು ಸರಾಸರಿ ತೆಗೆಯಿರಿ.